ಮನೆಬೀಜ ಕೈಕೊಟ್ಟಾಗ: ಕಾಸರಗೋಡಿನ ಹಿತ್ತಿಲಿಗೆ ದೋಷ ನಿವಾರಣೆಯ ಕೈಪಿಡಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಮೊದಲಾದ ಕಡೆಗಳ ಹಳೆಯ ಮನೆಗಳಲ್ಲಿ ಬಣ್ಣದ ಸೌತೆ (ಮಂಗಳೂರು ಸೌತೆ), ಹೀರೆ, ಅಲಸಂಡೆ, ಗೌರಿಹೂ, ಗೊಂಡೆ, ಪಪ್ಪಾಯಿಗಳ ಬೀಜ ಅಂಗಡಿಯಿಂದ ಬಂದದ್ದಲ್ಲ; ತವರಿನಿಂದ ಬಂದ ಸೊಸೆಯ ಜತೆಗೆ, ಇಲ್ಲವೇ ಪೂಜೆಗೋ ತಿಥಿಗೋ ಹೋಗಿ ಬಂದವರ ಕೈಯಲ್ಲಿ, ಕಾಗದದ ಪೊಟ್ಟಣವಾಗಿ ಮನೆ ಸೇರಿದ್ದು. ಇಂಥ ಬೀಜ ಒಂದು ವರ್ಷ ಹುಟ್ಟದೆ ಹೋದರೆ, ಅಥವಾ ಹುಟ್ಟಿದ ಬಳ್ಳಿಯಲ್ಲಿ ಗುರುತೇ ಸಿಗದ ಕಾಯಿ ಬಿಟ್ಟರೆ, ‘ಬೀಜ ಕೆಟ್ಟಿತು’ ಎಂದು ತೀರ್ಮಾನಿಸಿ ಪೇಟೆಯಿಂದ ಹೊಸ ಪೊಟ್ಟಣ ತರುವವರೇ ಹೆಚ್ಚು. ಆದರೆ ಆ ಒಂದು ಮಾತಿನೊಳಗೆ ಪರಸ್ಪರ ಸಂಬಂಧವಿಲ್ಲದ ಮೂರು ದೋಷಗಳು ಸೇರಿಕೊಂಡಿರುತ್ತವೆ. ಬೀಜದ ಜೀವ ಹೋಗಿರಬಹುದು. ಜೀವವಿದ್ದೂ ಕುಲ ಬೆರಕೆಯಾಗಿರಬಹುದು. ಎರಡೂ ಸರಿಯಿದ್ದು ಈ ವರ್ಷದ ಮಣ್ಣು, ನೀರು, ಹುಳುಗಳಲ್ಲಿ ಊನವಿರಬಹುದು. ಮೊದಲನೆಯ ದೋಷ ಸಂಗ್ರಹದಲ್ಲಿ ಆದದ್ದು, ಎರಡನೆಯದು ಹಿಂದಿನ ವರ್ಷದ ಹೂವಿನಲ್ಲಿ ಆದದ್ದು, ಮೂರನೆಯದು ಈಗ ಕಣ್ಣೆದುರು ಆಗುತ್ತಿರುವುದು. ಒಂದರ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲವಾದ್ದರಿಂದ, ಯಾವುದೆಂದು ತಿಳಿಯುವ ಮೊದಲೇ ಬೀಜವನ್ನು ಎಸೆಯಬಾರದು.

ಮೊದಲು ಕೇಳಬೇಕಾದ ಪ್ರಶ್ನೆಗಳು

ದೋಷ ಕಾಣಿಸಿದ ಹಂತ ಯಾವುದು ಎಂಬುದು ಮೊದಲ ಪ್ರಶ್ನೆ. ಮಣ್ಣಿನಿಂದ ಮೇಲೆ ಬರುವುದಕ್ಕಿಂತ ಮುಂಚೆಯೇ ತೊಂದರೆಯಾಗಿದ್ದರೆ ಬೀಜದ ಜೀವವನ್ನು ಶಂಕಿಸಬೇಕು. ಗಿಡ ಸೊಂಪಾಗಿ ಬೆಳೆದು ಹೂ ಅಥವಾ ಕಾಯಿ ಮಾತ್ರ ಬೇರೆಯಾಗಿದ್ದರೆ ಕುಲವನ್ನು ಶಂಕಿಸಬೇಕು. ಬೆಳೆಯುತ್ತಿದ್ದ ಗಿಡ ನಡುವೆ ಸೊರಗಿದರೆ ಹೊರಗಿನ ಕಾರಣವನ್ನು ಹುಡುಕಬೇಕು. ಎರಡನೆಯ ಪ್ರಶ್ನೆ, ತೊಂದರೆ ಎಲ್ಲ ಗಿಡಗಳಲ್ಲಿದೆಯೇ ಅಥವಾ ಕೆಲವೇ ಗಿಡಗಳಲ್ಲಿದೆಯೇ ಎಂಬುದು. ಒಂದೇ ಸಾಲಿನಲ್ಲಿ ಒಂದೇ ನೀರು, ಒಂದೇ ಗೊಬ್ಬರ ಉಂಡ ಬಳ್ಳಿಗಳಲ್ಲಿ ಎರಡು ಮಾತ್ರ ಬೇರೆ ಬಗೆಯ ಕಾಯಿ ಬಿಟ್ಟಿದ್ದರೆ ಅದಕ್ಕೆ ಮಣ್ಣು ಹೊಣೆಯಾಗಲಾರದು. ಎಲ್ಲ ಬಳ್ಳಿಗಳೂ ಏಕಪ್ರಕಾರವಾಗಿ ಹಳದಿಯಾಗಿದ್ದರೆ ಅದಕ್ಕೆ ಹಿಂದಿನ ವರ್ಷದ ಜೇನ್ನೊಣ ಹೊಣೆಯಾಗಲಾರದು. ಮೂರನೆಯದಾಗಿ, ಅದೇ ಬೀಜವನ್ನು ಪಡೆದ ನೆಂಟರ ಮನೆಯಲ್ಲಿ ಅದು ಹೇಗೆ ಬಂದಿದೆ ಎಂದು ವಿಚಾರಿಸಬೇಕು. ಬೀಜ ಹಂಚುವ ನಮ್ಮ ರೂಢಿಯಿಂದ ಆಗುವ ದೊಡ್ಡ ಉಪಕಾರವೇ ಇದು: ಒಂದೇ ಬೀಜವನ್ನು ಬೇರೆ ಬೇರೆ ನೆಲದಲ್ಲಿ ಪರೀಕ್ಷೆ ಮಾಡಿದ ಹಾಗಾಗುತ್ತದೆ.

ಬೀಜ ಹುಟ್ಟದಿದ್ದರೆ

ಮಣ್ಣನ್ನು ಲೆಕ್ಕದಿಂದ ಹೊರಗಿಟ್ಟು ಬೀಜವನ್ನಷ್ಟೇ ಪರೀಕ್ಷಿಸಬೇಕು. ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯಲ್ಲಿ 10 ಬೀಜಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಸುರುಳಿ ಸುತ್ತಿ, ತೇವ ಆರದ ಹಾಗೆ ಮುಚ್ಚಿದ ಡಬ್ಬದಲ್ಲಿಟ್ಟರೆ, ಸೌತೆ ಮತ್ತು ಅಲಸಂಡೆಗಳು ಕೆಲವೇ ದಿನಗಳಲ್ಲಿ ಉತ್ತರ ಹೇಳುತ್ತವೆ; ಮೆಣಸು, ಬದನೆಗಳಿಗೆ ಎರಡು ವಾರ ಕಾಯಬೇಕು. ಬೀಜ ಪ್ರಮಾಣೀಕರಣಕ್ಕೆ ನಮ್ಮ ದೇಶದಲ್ಲಿ ನಿಗದಿಯಾಗಿರುವ ಕನಿಷ್ಠ ಮೊಳಕೆ ಪ್ರಮಾಣ ಸೌತೆ ಜಾತಿಗೆ ಶೇ. 60, ಬೆಂಡೆಗೆ 65, ಬದನೆಗೆ 70, ಅಲಸಂಡೆಗೆ 75. ಮನೆಬೀಜಕ್ಕೆ ಈ ನಿಯಮ ಅನ್ವಯಿಸುವುದಿಲ್ಲವಾದರೂ, ಹೋಲಿಸಿ ನೋಡಲು ಇದು ಒಳ್ಳೆಯ ಅಳತೆ. ಹತ್ತರಲ್ಲಿ ಮೂರೇ ಮೊಳೆತರೆ ಆ ಬೀಜವನ್ನು ಮುಂದಿನ ವರ್ಷಕ್ಕೆಂದು ಉಳಿಸುವುದು ವ್ಯರ್ಥ. ಉಳಿದಷ್ಟನ್ನೂ ಈ ವರ್ಷವೇ ಮೂರು ಪಾಲು ದಟ್ಟವಾಗಿ ಬಿತ್ತಿ, ಹುಟ್ಟಿದವುಗಳಿಂದ ಹೊಸ ಬೀಜ ಮಾಡಿಕೊಳ್ಳಬೇಕು.

ಮೊಳೆಯದ ಬೀಜವನ್ನು ಹಿಚುಕಿ ನೋಡುವುದು ಮೊಳೆತದ್ದನ್ನು ಎಣಿಸುವಷ್ಟೇ ಮುಖ್ಯ. ಬೀಜ ಉಬ್ಬಿ, ಲೋಳೆಯಾಗಿ, ವಾಸನೆ ಬರುತ್ತಿದ್ದರೆ ಅದು ಬಿತ್ತುವ ಮೊದಲೇ ಸತ್ತಿತ್ತು. ನೀರನ್ನೇ ಹೀರದೆ ಹಾಕಿದಾಗ ಇದ್ದಂತೆಯೇ ಕಲ್ಲಾಗಿ ಉಳಿದಿದ್ದರೆ ಅದು ಸತ್ತ ಬೀಜವಲ್ಲ, ಸಿಪ್ಪೆ ಗಡುಸಾದ ಬೀಜ. ಶಂಖಪುಷ್ಪದಲ್ಲಿ ಇದು ಸಾಮಾನ್ಯ, ಬೆಂಡೆಯಲ್ಲಿಯೂ ಆಗಾಗ ಕಾಣುತ್ತದೆ. ಅಂಥದ್ದನ್ನು ಒರಟು ಕಲ್ಲಿಗೆ ಉಜ್ಜಿ, ಕಣ್ಣಿನ ಭಾಗಕ್ಕೆ ತಾಗದಂತೆ ಸಿಪ್ಪೆಯನ್ನು ತುಸು ಸವೆಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದರೆ ಮೊಳಕೆ ಬರುತ್ತದೆ. ಹಾಗಲದ ದಪ್ಪ ಸಿಪ್ಪೆಯ ತುದಿಯನ್ನು ಉಗುರುಕತ್ತರಿಯಿಂದ ಸ್ವಲ್ಪ ಚಿವುಟುವುದೂ ಇದೇ ಕಾರಣಕ್ಕೆ. ಬೂದುಕುಂಬಳದಂಥ ಕೆಲವು ಬೀಜಗಳು ಕಾಯಿಯಿಂದ ತೆಗೆದ ಹೊಸತರಲ್ಲಿ ನಿದ್ದೆಯಲ್ಲಿರುತ್ತವೆ. ಒಂದೆರಡು ತಿಂಗಳು ಬಿಟ್ಟು ಪರೀಕ್ಷೆಯನ್ನು ಪುನಃ ಮಾಡದೆ ಅವುಗಳ ಬಗ್ಗೆ ತೀರ್ಪು ಕೊಡಬಾರದು.

ಬೀಜ ಸತ್ತದ್ದು ನಿಜವಾದರೆ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಕಾರಣ ಬಹುಪಾಲು ಒಂದೇ: ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯೇ ಒದ್ದೆ. ತೆರೆದಿಟ್ಟ ಬೀಜ ಆ ಗಾಳಿಯಿಂದ ನೀರನ್ನು ಹೀರಿ, ಮೊಳೆಯಲು ಸಾಲದಷ್ಟು, ಆದರೆ ಉಸಿರಾಡಿ ತನ್ನ ಶಕ್ತಿಯನ್ನು ಕಳೆದುಕೊಳ್ಳಲು ಸಾಕಾಗುವಷ್ಟು ಎಚ್ಚರದಲ್ಲಿರುತ್ತದೆ. ಬೀಜದ ತೇವಾಂಶ ಶೇ. 1ರಷ್ಟು ಇಳಿದಾಗ ಅದರ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ, ಸಂಗ್ರಹದ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಇಳಿದಾಗಲೂ ಹಾಗೆಯೇ, ಎಂಬ ಹ್ಯಾರಿಂಗ್ಟನ್ ಸೂತ್ರ ಬೀಜಶಾಸ್ತ್ರದಲ್ಲಿ ಬಳಕೆಯಲ್ಲಿದೆ. ಕರಾವಳಿಯ ಮಳೆಗಾಲಕ್ಕೆ ಆ ಸೂತ್ರವನ್ನು ಹಿಂದುಮುಂದಾಗಿ ಓದಬೇಕು: ತೇವ ಏರುತ್ತಾ ಹೋದಂತೆ ಆಯುಸ್ಸು ಅರ್ಧರ್ಧವಾಗಿ ಕರಗುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಅಜ್ಜಿಯರು ಸೌತೆಬೀಜಕ್ಕೆ ಬೂದಿ ಬೆರೆಸಿ ಅಟ್ಟದಲ್ಲಿಡುತ್ತಿದ್ದರು, ಇಲ್ಲವೇ ಸೆಗಣಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ತಟ್ಟುತ್ತಿದ್ದರು. ಅದೇ ಕ್ರಮವನ್ನು ಈಗಲೂ ಅನುಸರಿಸಿದರೆ ಬೀಜ ಏಕೆ ಸಾಯುತ್ತದೆ? ಕ್ರಮ ಉಳಿದಿದೆ, ಅದರ ಹಿಂದಿದ್ದ ಬೆಂಕಿ ಉಳಿದಿಲ್ಲ ಎಂಬುದೇ ಉತ್ತರ. ದಿನವಿಡೀ ಉರಿಯುತ್ತಿದ್ದ ಕಟ್ಟಿಗೆಯ ಒಲೆಯ ಮೇಲಿನ ಅಟ್ಟ ಜಡಿಮಳೆಯ ಆಟಿ ತಿಂಗಳಲ್ಲಿಯೂ ಬೆಚ್ಚಗೆ, ಒಣಗಿಕೊಂಡು ಇರುತ್ತಿತ್ತು, ಹೊಗೆ ಹುಳುವನ್ನೂ ದೂರವಿಡುತ್ತಿತ್ತು. ಒಲೆಯ ಜಾಗಕ್ಕೆ ಗ್ಯಾಸ್ ಬಂದು, ಹಂಚಿನ ಮಾಡಿನ ಜಾಗಕ್ಕೆ ತಾರಸಿ ಬಂದ ಮನೆಯಲ್ಲಿ ಅಟ್ಟವೆಂದರೆ ಮನೆಯ ಅತ್ಯಂತ ತೇವದ ಮೂಲೆಯೂ ಆಗಿರಬಹುದು. ಬೂದಿಯೂ ತಾನೇ ತೇವ ಹೀರುವ ವಸ್ತು. ಮುಚ್ಚಳವಿಲ್ಲದ ಡಬ್ಬದಲ್ಲಿ ಮಳೆಗಾಲ ಕಳೆದ ಬೂದಿ ಬೀಜವನ್ನು ಒಣಗಿಸುವುದಿಲ್ಲ. ಆದ್ದರಿಂದ ಒಲೆಯಿಲ್ಲದ ಮನೆಯವರು ಹಳೆಯ ಕ್ರಮದ ಉದ್ದೇಶವನ್ನು ಬೇರೆ ದಾರಿಯಲ್ಲಿ ಸಾಧಿಸಬೇಕು.

ಆ ದಾರಿ ಹೀಗಿದೆ. ಬೀಜವನ್ನು ಮಳೆ ಹಿಡಿಯುವ ಮೊದಲೇ, ಅಂದರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ, ಸಂಪೂರ್ಣ ಒಣಗಿಸಿ ಮುಚ್ಚಿಡಬೇಕು. ಗೆರಸೆ ಅಥವಾ ಚಾಪೆಯ ಮೇಲೆ ತೆಳ್ಳಗೆ ಹರಡಿ, ಬೆಳಗಿನ ಬಿಸಿಲು ಮತ್ತು ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕೇ ಹೊರತು, ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳದಲ್ಲಿ ಎಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಬಿಡಬಾರದು. ಹಸಿ ಬೀಜಕ್ಕೆ 40 ಡಿಗ್ರಿಯನ್ನು ಮೀರಿದ ಕಾವು ಒಳ್ಳೆಯದಲ್ಲ, ಆ ಅಂಗಳ ಅದನ್ನು ಸುಲಭವಾಗಿ ಮೀರುತ್ತದೆ. ಸೌತೆಬೀಜವನ್ನು ಬಗ್ಗಿಸಿದಾಗ ಬಾಗದೆ ಟಕ್ಕೆಂದು ಮುರಿಯಬೇಕು. ಅಲಸಂಡೆಯನ್ನು ಕಲ್ಲಿನಿಂದ ಜಜ್ಜಿದಾಗ ಚಪ್ಪಟೆಯಾಗದೆ ಪುಡಿಯಾಗಬೇಕು. ಸಂಶಯವಿದ್ದರೆ, ಒಣಗಿದ ಕುಪ್ಪಿಗೆ ಒಂದು ಹಿಡಿ ಬೀಜ ಮತ್ತು ಹುರಿದು ಆರಿಸಿದ ಪುಡಿ ಉಪ್ಪನ್ನು ಹಾಕಿ ಕುಲುಕಿ ನೋಡಬಹುದು. ಉಪ್ಪು ಕುಪ್ಪಿಯ ಬದಿಗೆ ಅಂಟಿಕೊಂಡರೆ ಬೀಜದಲ್ಲಿ ಸುಮಾರು ಶೇ. 15ಕ್ಕಿಂತ ಹೆಚ್ಚು ನೀರಿದೆ ಎಂದರ್ಥ. ಉಪ್ಪು ಅಂಟದಿದ್ದ ಮಾತ್ರಕ್ಕೆ ಬೀಜ ಸಾಕಷ್ಟು ಒಣಗಿದೆ ಎಂದೂ ಹೇಳಲಾಗದು, ಏಕೆಂದರೆ ಗಾಳಿಯಾಡದ ಡಬ್ಬದಲ್ಲಿಡುವ ಸೌತೆಬೀಜದ ತೇವ ಶೇ. 6ನ್ನು, ಅಲಸಂಡೆಯದ್ದು 8ನ್ನು ಮೀರಬಾರದು. ಅರೆ ಒಣಗಿದ ಬೀಜವನ್ನು ಬಿಗಿಯಾಗಿ ಮುಚ್ಚಿಟ್ಟರೆ ತೆರೆದಿಟ್ಟದ್ದಕ್ಕಿಂತ ಬೇಗ ಸಾಯುತ್ತದೆ ಎಂಬುದನ್ನು ಪ್ಲಾಸ್ಟಿಕ್ ಡಬ್ಬ ಬಳಸುವವರು ಮರೆಯಬಾರದು. ಬೀಜದ ಪೊಟ್ಟಣದ ಜತೆಗೆ ಕೆಂಪಗೆ ಹುರಿದು ಆರಿಸಿದ ಅಕ್ಕಿಯ ಗಂಟನ್ನೋ ಸಿಲಿಕಾ ಜೆಲ್ ಚೀಲವನ್ನೋ ಇಟ್ಟರೆ ಉಳಿದ ತೇವವನ್ನು ಅದು ಎಳೆದುಕೊಳ್ಳುತ್ತದೆ. ಫ್ರಿಜ್‌ನಲ್ಲಿಡುವವರು ಡಬ್ಬವನ್ನು ಹೊರತೆಗೆದ ಕೂಡಲೇ ಮುಚ್ಚಳ ತೆಗೆಯದೆ, ಅದು ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು. ಇಲ್ಲವಾದರೆ ತಣ್ಣನೆಯ ಬೀಜದ ಮೇಲೆ ಗಾಳಿಯ ನೀರು ಹನಿಗಟ್ಟಿ, ಒಣಗಿಸಿದ ಶ್ರಮವೆಲ್ಲ ನೀರುಪಾಲಾಗುತ್ತದೆ.

ಬೀಜವನ್ನು ಡಬ್ಬಕ್ಕೆ ತುಂಬದೆ ಕಾಯಿಯಲ್ಲೇ ಉಳಿಸುವ ಕ್ರಮವೂ ನಮ್ಮಲ್ಲಿದೆ. ಬಲಿತ ಬಣ್ಣದ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಒಳಗಿನ ಬೀಜವೂ ಪಕ್ವವಾಗುತ್ತದೆ. ಆದರೆ ಬಳ್ಳಿಯಲ್ಲಿ ಪೂರ್ತಿ ಬಲಿಯದ ಕಾಯಿಯನ್ನು ತೂಗಿಸಿ ಬೀಜ ತೆಗೆದರೆ ಅರ್ಧಕ್ಕರ್ಧ ಜೊಳ್ಳು ಬರುತ್ತದೆ. ಬಟ್ಟೆಯ ಪರೀಕ್ಷೆಯಲ್ಲಿ ಇದು ಸತ್ತ ಬೀಜದಂತೆಯೇ ಕಂಡರೂ ದೋಷ ಸಂಗ್ರಹದ್ದಲ್ಲ, ಕೊಯ್ಲಿನದು. ಒಣಗಿಸುವ ಮೊದಲು ನೀರಿಗೆ ಹಾಕಿ ತೇಲಿದ್ದನ್ನು ತೆಗೆದರೆ ಇದು ಅಲ್ಲಿಯೇ ಬಯಲಾಗುತ್ತದೆ.

ಅಲಸಂಡೆಯಲ್ಲಿ ತೂತು ಕಂಡರೆ ಡಬ್ಬದೊಳಗೆ ಹುಳು ಹೊಕ್ಕಿತೆಂದು ಡಬ್ಬವನ್ನು ಬಯ್ಯುವುದು ಸರಿಯಲ್ಲ. ಈ ಹುಳು ಗದ್ದೆಯಲ್ಲಿಯೇ ಬಲಿತ ಕೋಡಿನ ಮೇಲೆ ಮೊಟ್ಟೆ ಇಡುತ್ತದೆ. ಮರಿ ಕಾಳಿನೊಳಗೆ ಕುಳಿತು ಡಬ್ಬಕ್ಕೆ ಬರುತ್ತದೆ. ಚೆನ್ನಾಗಿ ಒಣಗಿದ ಕಾಳನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಒಂದು ವಾರ ಫ್ರೀಜರ್‌ನಲ್ಲಿಟ್ಟರೆ ಒಳಗಿನ ಮರಿಗಳು ಸಾಯುತ್ತವೆ. ಫ್ರೀಜರ್ ಇಲ್ಲದವರು ಒಂದು ಕಿಲೋ ಕಾಳಿಗೆ ಒಂದು ಚಹಾ ಚಮಚದಷ್ಟು ಎಣ್ಣೆಯನ್ನು ಸವರಿಡಬಹುದು.

ಹುಟ್ಟಿದ ಸಸಿ ಮಲಗಿದರೆ

ಬಟ್ಟೆಯಲ್ಲಿ ಚೆನ್ನಾಗಿ ಮೊಳೆತ ಬೀಜ ಮಣ್ಣಿನಲ್ಲಿ ಮೇಲೆ ಬಾರದಿದ್ದರೆ, ಅಥವಾ ಎರಡೆಲೆ ಬಿಟ್ಟ ಸಸಿ ಬುಡದಲ್ಲಿ ನೀರು ತುಂಬಿದಂತಾಗಿ ಬಾಗಿ ಬಿದ್ದರೆ, ಅದು ಮಣ್ಣಿನ ಶಿಲೀಂಧ್ರದ ಕೆಲಸ, ಬೀಜವನ್ನು ದೂರಬಾರದು. ಮುಂಗಾರಿನಲ್ಲಿ ನೀರು ಬಸಿಯದ ಮಡಿಯಲ್ಲಿ ಬಿತ್ತಿದವರಿಗೆ ಇದು ತಪ್ಪಿದ್ದಲ್ಲ. ಮಡಿಯನ್ನು ಎತ್ತರಿಸಿ, ಸುಡುಮಣ್ಣನ್ನು ಬೆರೆಸಿ, ಮಳೆಹನಿ ನೇರವಾಗಿ ಬಡಿಯದಂತೆ ಮಾಡು ಕಟ್ಟಿ, ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟಿಗಿಂತ ಆಳಕ್ಕೆ ಹಾಕದಿದ್ದರೆ ಸಾಕು. ಹಳೆಯ ಬೀಜ ನಿಧಾನವಾಗಿ ಮೊಳೆಯುವುದರಿಂದ ಶಿಲೀಂಧ್ರಕ್ಕೆ ಹೆಚ್ಚು ಹೊತ್ತು ಸಿಕ್ಕಿಬೀಳುತ್ತದೆ. ಬಟ್ಟೆಯಲ್ಲಿ ಮೊಳೆಸಿ, ಬೇರು ಮೂಡಿದ ಮೇಲೆ ನೆಡುವುದು ಅದಕ್ಕೆ ಒಳ್ಳೆಯ ಉಪಾಯ.

ಕಾಯಿ ಬೇರೆಯಾದರೆ, ಕಹಿಯಾದರೆ

ಮನೆಬೀಜದ ದೋಷಗಳಲ್ಲಿ ಹೆಚ್ಚು ತಪ್ಪು ತಿಳಿವಳಿಕೆಗೆ ಎಡೆಯಾಗಿರುವುದು ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ನೋಡಬೇಕು. ವಿಷು ಕಣಿಗೆ ಇಡುವ ಹೊಂಬಣ್ಣದ ಪಟ್ಟೆಯ ಸೌತೆಯ ಬದಲು ಮಾಸಲು ಹಸಿರಿನ, ಬಲಿತೊಡನೆ ಬಿರಿಯುವ, ಅಥವಾ ಕಹಿಯಾದ ಕಾಯಿ ಬಂದಾಗ ಸಾಮಾನ್ಯವಾಗಿ ಕೇಳಿಬರುವ ವಿವರಣೆ ಎಂದರೆ ‘ಪಕ್ಕದಲ್ಲಿ ಮುಳ್ಳುಸೌತೆ ಇತ್ತು, ಪರಾಗ ಬೆರೆಯಿತು’ ಎಂಬುದು. ಈ ವಿವರಣೆಯಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದಾಗಿ, ಮುಳ್ಳುಸೌತೆ ಮತ್ತು ಬಣ್ಣದ ಸೌತೆ ಹೆಸರಿನಲ್ಲಿ ಅಕ್ಕತಂಗಿಯರಾದರೂ ಸಸ್ಯಶಾಸ್ತ್ರದ ಪ್ರಕಾರ ಬೇರೆ ಜಾತಿಗಳು. ಮುಳ್ಳುಸೌತೆಯಲ್ಲಿ 7 ಜೊತೆ ವರ್ಣತಂತುಗಳಿದ್ದರೆ, ಬಣ್ಣದ ಸೌತೆಯಲ್ಲಿ 12 ಜೊತೆಗಳಿವೆ. ಹಿತ್ತಿಲಿನಲ್ಲಿ ಇವೆರಡೂ ಬೆರೆಯುವುದಿಲ್ಲ. ಬಣ್ಣದ ಸೌತೆಯ ನಿಜವಾದ ದಾಯಾದಿಗಳು ಕರಬೂಜ ಮತ್ತು ಚಿಬ್ಬಡ. ಇವೆಲ್ಲ ಒಂದೇ ಜಾತಿಯ ಬೇರೆ ಬೇರೆ ರೂಪಗಳಾಗಿದ್ದು, ಸರಾಗವಾಗಿ ಬೆರೆಯುತ್ತವೆ. ಬೇಲಿಬದಿಯಲ್ಲಿ ಹುಟ್ಟುವ ಕಹಿಯಾದ ಕಾಡು ರೂಪಗಳೂ ಇದೇ ಕುಟುಂಬದವು. ಆದ್ದರಿಂದ ಬಲಿತೊಡನೆ ಬಿರಿಯುವ, ಪರಿಮಳದ ಕಾಯಿ ಬಂದರೆ ನೆರೆಯ ಚಿಬ್ಬಡವನ್ನೂ, ಕಹಿ ಬಂದರೆ ಬೇಲಿಯ ಬಳ್ಳಿಯನ್ನೂ ನೆನಪಿಸಿಕೊಳ್ಳಬೇಕೇ ಹೊರತು ಮುಳ್ಳುಸೌತೆಯನ್ನು ಕಿತ್ತುಹಾಕಿ ಪ್ರಯೋಜನವಿಲ್ಲ.

ಎರಡನೆಯದಾಗಿ, ಪರಾಗ ಬೆರೆತದ್ದು ಈ ವರ್ಷದ ಕಾಯಿಯಲ್ಲಿ ಕಾಣಿಸುವುದಿಲ್ಲ. ಕಾಯಿಯ ಸಿಪ್ಪೆ ಮತ್ತು ತಿರುಳು ತಾಯಿಬಳ್ಳಿಯ ಅಂಗ. ತಂದೆಯ ಗುಣ ಒಳಗಿನ ಬೀಜದಲ್ಲಿ ಅಡಗಿದ್ದು, ಅದನ್ನು ಬಿತ್ತಿದಾಗಲಷ್ಟೇ ಹೊರಬೀಳುತ್ತದೆ. ಈ ಬೇಸಗೆಯಲ್ಲಿ ಕೆಟ್ಟ ಕಾಯಿ ಕಂಡವರು ಹಿಂದಿನ ಬೇಸಗೆಯಲ್ಲಿ ಸುತ್ತಮುತ್ತ ಯಾರು ಏನು ಬೆಳೆದಿದ್ದರು ಎಂದು ವಿಚಾರಿಸಬೇಕು. ಮೆಕ್ಕೆಜೋಳ ಇದಕ್ಕೆ ಅಪವಾದ. ನಾವು ತಿನ್ನುವ ಭಾಗವೇ ಬೀಜವಾದ್ದರಿಂದ ಅದರ ತೆನೆಯಲ್ಲಿ ಬೇರೆ ಬಣ್ಣದ ಕಾಳು ಅದೇ ವರ್ಷ ಕಾಣಿಸುತ್ತದೆ.

ಕಹಿಗೆ ಕುಲವೊಂದೇ ಕಾರಣವಲ್ಲ. ನೀರು ಸಾಲದೆ, ಬಿಸಿಲು ಹೆಚ್ಚಾದಾಗ ಮುಳ್ಳುಸೌತೆಯ ತೊಟ್ಟಿನ ಕಡೆ ತುಸು ಕಹಿಯಾಗುವುದುಂಟು. ಎಲ್ಲ ಬಳ್ಳಿಗಳಲ್ಲೂ ಬಿಸಿಲಿನ ವಾರದ ಕಾಯಿಗಳು ಮಾತ್ರ ಹೀಗಾಗಿ, ನೀರು ಕೊಟ್ಟ ಮೇಲೆ ಸರಿಹೋದರೆ ದೋಷ ನೀರಿನದು. ಒಂದು ಬಳ್ಳಿಯ ಮೊದಲ ಕಾಯಿಯಿಂದ ಕೊನೆಯದರವರೆಗೆ ಎಲ್ಲವೂ ಕಹಿಯಾಗಿದ್ದು ಪಕ್ಕದ ಬಳ್ಳಿ ಸರಿಯಿದ್ದರೆ ದೋಷ ಕುಲದ್ದು. ಆ ಬಳ್ಳಿಯನ್ನು ಗಂಡುಹೂ ಸಹಿತ ಕೂಡಲೇ ಕಿತ್ತುಹಾಕಬೇಕು, ಏಕೆಂದರೆ ಅದರ ಪರಾಗ ಉಳಿದವನ್ನೂ ಕೆಡಿಸುತ್ತದೆ. ಕಹಿಯಾದ ಸೋರೆ, ಸೌತೆ, ಹೀರೆಗಳನ್ನು ಬೆಲ್ಲ ಹಾಕಿ ಸರಿಮಾಡಿ ತಿನ್ನುವ ಸಾಹಸ ಖಂಡಿತ ಬೇಡ. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ವಸ್ತು ಬೇಯಿಸಿದರೂ ನಾಶವಾಗುವುದಿಲ್ಲ, ವಾಂತಿಭೇದಿಯಿಂದ ಹಿಡಿದು ಪ್ರಾಣಾಪಾಯದವರೆಗೆ ಕೊಂಡೊಯ್ಯಬಲ್ಲುದು. ಹೆಚ್ಚುವ ಮೊದಲು ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ, ಕಹಿಯೆನಿಸಿದರೆ ಉಗುಳಿ, ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಕು. ಅದರ ಬೀಜವನ್ನು ಉಳಿಸುವ ಮಾತೇ ಇಲ್ಲ. ಹಾಗಲದ ಕಹಿ ಬೇರೆ ಬಗೆಯದು, ಅದು ಈ ಲೆಕ್ಕಕ್ಕೆ ಸೇರಿದ್ದಲ್ಲ.

ಬೆರಕೆಯನ್ನು ತಡೆಯಲು ಎಷ್ಟು ದೂರ ಬೇಕು? ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಸೌತೆ ಜಾತಿಗೆ 500 ಮೀಟರ್, ಬೆಂಡೆ ಮತ್ತು ಮೆಣಸಿಗೆ 200, ಬದನೆಗೆ 100, ಅಲಸಂಡೆಗೆ ಬರೇ 5 ಮೀಟರ್ ಅಂತರ ಕೇಳುತ್ತಾರೆ. ಈ ಅಂಕಿಗಳಲ್ಲಿಯೇ ಬೀಜ ಉಳಿಸುವವನಿಗೆ ಬೇಕಾದ ಪಾಠವಿದೆ: ಅಲಸಂಡೆಯ ಹೂ ಅರಳುವಷ್ಟರಲ್ಲಿ ತನ್ನೊಳಗೇ ಪರಾಗಸ್ಪರ್ಶ ಮುಗಿಸಿರುತ್ತದೆ, ಸೌತೆ ಜೇನ್ನೊಣದ ಹಂಗಿನಲ್ಲಿದೆ. ಬೆಳ್ಳೂರು ಸಮೀಪದ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದರು. ಅಷ್ಟೊಂದು ತಳಿಗಳನ್ನು ಕಡಿಮೆ ಜಾಗದಲ್ಲಿ ಶುದ್ಧವಾಗಿಡಲು ಅವರ ಶ್ರಮದ ಜತೆಗೆ ಭತ್ತದ ಸ್ವಕೀಯ ಪರಾಗಸ್ಪರ್ಶವೂ ಒದಗಿಬಂದಿದೆ. ಅದೇ ಜಾಗದಲ್ಲಿ ಬಣ್ಣದ ಸೌತೆಯ ಎರಡು ತಳಿಗಳನ್ನು ಜೇನ್ನೊಣಗಳಿಗೆ ಬಿಟ್ಟು ಶುದ್ಧವಾಗಿ ಉಳಿಸಲಾಗದು. ಅಡಿಕೆ ತೋಟಗಳ ನಡುವೆ, ಗುಡ್ಡದ ಆಚೆಗೊಂದು ಈಚೆಗೊಂದು ಎಂಬಂತೆ ಒಂಟಿಮನೆಗಳಿದ್ದ ನಮ್ಮ ಊರುಗಳಲ್ಲಿ ಆ 500 ಮೀಟರ್ ತಾನಾಗಿಯೇ ಸಿಗುತ್ತಿತ್ತು. ಜಾಗ ಪಾಲಾಗಿ ಮನೆಗಳು ಹತ್ತಿರವಾದಲ್ಲಿ ಈಗ ಸಿಗುವುದಿಲ್ಲ.

ಅಂತರವಿಲ್ಲದವರಿಗೆ ಕೈಪರಾಗಸ್ಪರ್ಶವೇ ದಾರಿ. ಮರುದಿನ ಅರಳಲಿರುವ ಗಂಡು ಮತ್ತು ಹೆಣ್ಣು ಮೊಗ್ಗುಗಳನ್ನು ಸಂಜೆಯೇ ಗುರುತಿಸಿ, ತುದಿಯನ್ನು ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ಬೆಳಗ್ಗೆ ಗಂಡುಹೂವಿನ ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣುಹೂವಿನ ನಡುವೆ ಸವರಿ, ಹೆಣ್ಣುಹೂವನ್ನು ಪುನಃ ಕಟ್ಟಿ, ತೊಟ್ಟಿಗೆ ಗುರುತಿನ ದಾರ ಹಾಕಬೇಕು. ಕೆಲವು ಸೌತೆ ತಳಿಗಳಲ್ಲಿ ಕಾಯಿಕಟ್ಟುವ ಹೂವಿನೊಳಗೇ ಕೇಸರವೂ ಇರುತ್ತದೆ. ಅಲ್ಲಿ ಸ್ವಂತ ಪರಾಗ ಬಿದ್ದರೂ ಕುಲಕ್ಕೆ ಬಾಧಕವಿಲ್ಲ. ಹೊತ್ತಿನ ವಿಷಯದಲ್ಲಿ ಮಾತ್ರ ಎಚ್ಚರವಿರಬೇಕು. ಸೌತೆ, ಕುಂಬಳ, ಹಾಗಲಗಳು ಮುಂಜಾನೆ ಅರಳಿದರೆ ಹೀರೆ ಮುಸ್ಸಂಜೆಗೆ ಅರಳುತ್ತದೆ, ಪಡುವಲ ಮತ್ತು ಸೋರೆ ಕತ್ತಲಾಗುವಾಗ. ಹೀರೆಯ ಮೊಗ್ಗನ್ನು ಮಧ್ಯಾಹ್ನದ ನಂತರ ಕಟ್ಟಿ ಅದೇ ಸಂಜೆ ಕೆಲಸ ಮುಗಿಸದಿದ್ದರೆ ಹೂ ಕೈತಪ್ಪುತ್ತದೆ.

ಬೆರಕೆಯೇ ಆಗದೆ ತಳಿ ವರ್ಷದಿಂದ ವರ್ಷಕ್ಕೆ ಸಣಕಲಾಗುತ್ತಿದ್ದರೆ, ಬೀಜಕ್ಕೆ ಬಿಡುವ ಕಾಯಿ ಯಾವುದೆಂದು ನೋಡಬೇಕು. ಚೆನ್ನಾಗಿ ಬಂದದ್ದನ್ನೆಲ್ಲ ಹುಳಿಗೂ ಮೇಲೋಗರಕ್ಕೂ ಕೊಯ್ದು, ಕೊನೆಗೆ ಎಲೆಯಡಿಯಲ್ಲಿ ಕಣ್ಣಿಗೆ ಬೀಳದೆ ಬಲಿತದ್ದನ್ನು ಬೀಜಕ್ಕಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಬೆಂಡೆಗಂತೂ ಇದೇ ಗತಿ. ಹೀಗೆ ಮಾಡಿದರೆ ತಡವಾಗಿ ಕಾಯಿಬಿಡುವ, ಸೋತ ಬಳ್ಳಿಯನ್ನೇ ಪ್ರತಿವರ್ಷ ಆರಿಸಿದಂತಾಗುತ್ತದೆ. ಮೊದಲ ವಾರದಲ್ಲಿಯೇ ಒಳ್ಳೆಯ ಬಳ್ಳಿಗೆ ಗುರುತು ಕಟ್ಟಿ, ಅದರ ಎರಡನೆಯ ಅಥವಾ ಮೂರನೆಯ ಕಾಯಿಯನ್ನು ಬೀಜಕ್ಕೆಂದು ಬಿಡಬೇಕು, ಮತ್ತು ಒಂದೇ ಕಾಯಿಯ ಬೀಜವನ್ನು ನಂಬದೆ ಐದಾರು ಬಳ್ಳಿಗಳ ಬೀಜವನ್ನು ಬೆರೆಸಬೇಕು. ಹರಿವೆ, ಮೆಕ್ಕೆಜೋಳಗಳಿಗೆ ಇನ್ನೂ ಹೆಚ್ಚು ಗಿಡಗಳು ಬೇಕು.

ರೋಗ ಬೀಜದ್ದೋ ಊರಿನದ್ದೋ

ಬೆಂಡೆಯ ಎಲೆಯ ನರಗಳು ಹಳದಿಯಾಗುವ ರೋಗ ಬೀಜದಿಂದ ಬರುವುದಲ್ಲ, ಬಿಳಿನೊಣ ತರುವುದು; ಅಂಥ ಗಿಡದ ಬೀಜವನ್ನು ಎಸೆಯುವುದಕ್ಕಿಂತ, ರೋಗದ ನಡುವೆಯೂ ಚೆನ್ನಾಗಿ ನಿಂತ ಗಿಡದಿಂದ ಬೀಜ ಹಿಡಿಯುವುದು ಲಾಭಕರ. ಅಲಸಂಡೆಯ ಎಲೆಗಳಲ್ಲಿ ಹಸಿರು ಹಳದಿ ತೇಪೆ, ಮುದುಡು ಕಾಣುವ ನಂಜುಗಳ (ವೈರಸ್) ವಿಷಯ ಬೇರೆ. ಅವುಗಳಲ್ಲಿ ಕೆಲವು ಬೀಜದೊಳಗೇ ಮುಂದಿನ ವರ್ಷಕ್ಕೆ ದಾಟುತ್ತವೆ. ಮೊದಲ ಮೂರೆಲೆ ಬರುವಾಗಲೇ, ನಂಜು ಹರಡುವ ಗಿಡಹೇನು ಕಾಣಿಸುವ ಮೊದಲೇ ಅಲ್ಲೊಂದು ಇಲ್ಲೊಂದು ಸಸಿಯಲ್ಲಿ ತೇಪೆಯಿದ್ದರೆ ಅದು ಬೀಜದಿಂದ ಬಂದದ್ದೆಂದು ತಿಳಿದು ಆ ಸಸಿಗಳನ್ನು ಕೀಳಬೇಕು. ಸೌತೆ, ಹೀರೆಗಳ ಎಳೆಗಾಯಿ ಕೊಳೆತು ಉದುರಿದರೆ ಅದನ್ನು ಸೀಳಿ ನೋಡಿ. ಬಿಳಿ ಹುಳು ಇದ್ದರೆ ಹಣ್ಣುನೊಣ, ಬೀಜದ ತಪ್ಪಿಲ್ಲ.

ಹೂವಿನ ಗಿಡಗಳಲ್ಲಿ

ಎಸಳು ತುಂಬಿದ ಗೌರಿಹೂವಿನ ಬೀಜದಿಂದ ಒಂಟಿ ಎಸಳಿನ ಗಿಡಗಳು ಬರುವುದು ಸಾಮಾನ್ಯ ದೂರು. ಒಂಟಿ ಎಸಳಿನ ಗಿಡ ಹೆಚ್ಚು ಬೀಜ ಸಿಡಿಸುತ್ತದೆ. ತಾನಾಗಿ ಬಿದ್ದು ಹುಟ್ಟಲು ಬಿಟ್ಟ ಮಡಿಯಲ್ಲಿ ಕೆಲವೇ ವರ್ಷಗಳಲ್ಲಿ ಅದರದೇ ರಾಜ್ಯವಾಗುತ್ತದೆ. ಮೊದಲ ಹೂ ಬಿಟ್ಟಾಗಲೇ ಬೇಡದ ಗಿಡಗಳನ್ನು ಕಿತ್ತು, ತುಂಬು ಹೂವಿನ ಗಿಡದ ಕಾಯಿ ಉಬ್ಬಿ ಬಣ್ಣ ಮಾಸುವಾಗ, ಸಿಡಿಯುವ ಮೊದಲೇ, ತೆಳುಬಟ್ಟೆಯ ಚೀಲ ಕಟ್ಟಿ ಬೀಜ ಹಿಡಿಯಬೇಕು.

ಗೊಂಡೆಹೂವಿನಲ್ಲಿ ಬೀಜವೇ ಹುಟ್ಟದಿದ್ದರೆ ಕಪ್ಪು ಕಡ್ಡಿಯನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ಬಿಳಿ ತಿರುಳಿಲ್ಲದಿದ್ದರೆ ಅದು ಜೊಳ್ಳು. ಪೇಟೆಯಿಂದ ತಂದ ಮಾಲೆಯ ಹೂವನ್ನು ಒಣಗಿಸಿ ಬಿತ್ತಿದವರಿಗೆ ಹೀಗಾಗುವುದು ಹೆಚ್ಚು. ಆ ಹೂ ಬಲಿಯುವ ಮೊದಲೇ ಕೊಯ್ದದ್ದು; ಸಂಕರ ತಳಿಯಾಗಿದ್ದರೆ ಹುಟ್ಟಿದರೂ ತಾಯಿಯಂತೆ ಇರುವುದಿಲ್ಲ. ಅದನ್ನು ಮನೆಯ ಹಳೆಯ ಗೊಂಡೆಯ ಹತ್ತಿರ ನೆಟ್ಟರೆ ಮನೆಯದ್ದೂ ಕೆಡುತ್ತದೆ. ಮಲ್ಲಿಗೆ, ಸೇವಂತಿಗೆಗಳನ್ನು ಗೆಲ್ಲು ಮತ್ತು ಬುಡದ ಚಿಗುರಿನಿಂದಲೇ ಮುಂದುವರಿಸುವುದರಿಂದ ಅವು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಹಣ್ಣಿನ ಗಿಡಗಳಲ್ಲಿ

ಮೇಲೆ ಹೇಳಿದ ಒಣಗಿಸುವ ನಿಯಮವೆಲ್ಲ ಇಲ್ಲಿನ ಹಲವು ಮರಗಳಲ್ಲಿ ತಲೆಕೆಳಗಾಗುತ್ತದೆ. ಹಲಸು, ಮಾವು, ಪುನರ್ಪುಳಿ, ನೇರಳೆಗಳ ಬೀಜ ಒಣಗಿದರೆ ಸಾಯುತ್ತದೆ. ಇವುಗಳನ್ನು ಡಬ್ಬದಲ್ಲಿ ಕಾಪಿಟ್ಟು ಮುಂದಿನ ವರ್ಷ ಬಿತ್ತಿ ಹುಟ್ಟಲಿಲ್ಲವೆಂದು ಬೇಸರಿಸುವುದಕ್ಕೆ ಅರ್ಥವಿಲ್ಲ. ಹಣ್ಣು ತಿಂದ ವಾರದೊಳಗೆ ತೊಳೆದು ಮಣ್ಣಿಗೆ ಹಾಕಬೇಕು, ದೂರಕ್ಕೆ ಕಳುಹಿಸುವುದಾದರೆ ತುಸು ಒದ್ದೆಯಾದ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಬೇಕು.

ಪಪ್ಪಾಯಿ ಹುಟ್ಟಲು ತಡಮಾಡಿದರೆ ಬೀಜದ ಸುತ್ತಲಿನ ಲೋಳೆ ಚೀಲವನ್ನು ತೆಗೆಯದೇ ಬಿಟ್ಟದ್ದು ಕಾರಣ. ಬೂದಿ ಹಾಕಿ ಉಜ್ಜಿ ತೊಳೆದರೆ ಸರಿಹೋಗುತ್ತದೆ. ಹುಟ್ಟಿದ್ದರಲ್ಲಿ ಅರ್ಧದಷ್ಟು ಗಂಡುಗಿಡಗಳೇ ಆದರೆ, ಬೀಜ ಹಿಡಿದದ್ದು ಗಂಡುಗಿಡದ ಪರಾಗದಿಂದ ಕಾಯಿಕಟ್ಟಿದ ಹೆಣ್ಣುಗಿಡದಿಂದ ಎಂದು ತಿಳಿಯಬೇಕು. ದ್ವಿಲಿಂಗಿ ಹೂ ಬಿಡುವ ಗಿಡದ ಹಣ್ಣು ಸಾಮಾನ್ಯವಾಗಿ ನೀಳವಾಗಿರುತ್ತದೆ, ಹೆಣ್ಣುಗಿಡದ್ದು ಉರುಟಾಗಿರುತ್ತದೆ. ದ್ವಿಲಿಂಗಿ ಗಿಡದ ಮೊಗ್ಗಿಗೆ ಅರಳುವ ಮೊದಲೇ ಕಾಗದದ ಚೀಲ ಕಟ್ಟಿ, ಅದರ ಪರಾಗದಿಂದಲೇ ಕಾಯಿಕಟ್ಟಿದ ಹಣ್ಣಿನ ಬೀಜ ಬಿತ್ತಿದರೆ ಮೂರರಲ್ಲಿ ಎರಡು ದ್ವಿಲಿಂಗಿ, ಒಂದು ಹೆಣ್ಣು ಎಂಬ ಪ್ರಮಾಣದಲ್ಲಿ ಗಿಡಗಳು ಬರುತ್ತವೆ, ಗಂಡು ಬರುವುದಿಲ್ಲ.

ಮಾವಿನ ಗೊರಟಿನಿಂದ ತಾಯಿಮರದಂಥ ಗಿಡ ಬರುವುದೇ ಎಂಬ ಪ್ರಶ್ನೆಗೆ ಉತ್ತರ ಆ ಮರವನ್ನು ಅವಲಂಬಿಸಿದೆ. ಪಶ್ಚಿಮ ಕರಾವಳಿಯ ಹಲವು ತಳಿಗಳಲ್ಲಿ ಒಂದೇ ಗೊರಟಿನಿಂದ ಎರಡು ಮೂರು ಸಸಿಗಳು ಹುಟ್ಟುತ್ತವೆ. ಓಲೂರು, ಬಪ್ಪಕಾಯಿ, ಚಂದ್ರಕಾರನ್, ಕುರುಕ್ಕನ್ ಇಂಥವು, ಈ ಪಟ್ಟಿಯಲ್ಲಿ ಕಾಸರಗೋಡು ಮತ್ತು ನೀಲೇಶ್ವರದ ಹೆಸರು ಹೊತ್ತ ತಳಿಗಳೂ ಇವೆ. ಆ ಸಸಿಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವಿಲ್ಲದೆ ತಾಯಿಯ ಅಂಗಾಂಶದಿಂದಲೇ ಮೂಡಿದವು, ಆದ್ದರಿಂದ ತಾಯಿಯ ಪಡಿಯಚ್ಚು. ಪರಾಗದಿಂದ ಹುಟ್ಟಿದ್ದು ಬಹುತೇಕ ದುರ್ಬಲವಾಗಿರುತ್ತದೆ ಅಥವಾ ಹಿಂದುಳಿಯುತ್ತದೆ. ಗೊರಟಿನ ಸಸಿಗಳನ್ನು ಬಿಡಿಸಿ ಬಲವಾದವನ್ನು ನೆಟ್ಟರೆ ಮನೆಯ ಮಾವು ಮುಂದುವರಿಯುವ ಸಂಭವ ಹೆಚ್ಚು. ಗೊರಟಿಗೆ ಒಂದೇ ಸಸಿ ಹುಟ್ಟುವ ಮರವಾದರೆ, ಮತ್ತು ಹಲಸಿನ ಯಾವುದೇ ಮರವಾದರೆ, ಬೀಜದ ಗಿಡ ತಾಯಿಯಂತೆ ಇರುತ್ತದೆ ಎಂಬ ಭರವಸೆಯಿಲ್ಲ. ಗಟ್ಟಿ ತೊಳೆಯ ಬಕ್ಕೆ ಹಲಸಿನ ಬೀಜದಿಂದ ಮೆತ್ತನೆಯ ತೊಳೆಯ ತುಳುವೆ ಬಂದದ್ದು ದೋಷವೇ ಅಲ್ಲ, ಅದು ಆ ಮರದ ಸ್ವಭಾವ. ಅಂಥ ಮರದ ರುಚಿಯೇ ಬೇಕೆನ್ನುವವರು ಬೀಜದ ಗಿಡವನ್ನು ಬುಡವಾಗಿ ಬೆಳೆಸಿ, ತಾಯಿಮರದ ಗೆಲ್ಲನ್ನು ಅದಕ್ಕೆ ಕಸಿ ಕಟ್ಟಿಸಬೇಕು. ಮರಕ್ಕೆ ವಯಸ್ಸಾಗಿ ಹೊಸ ಚಿಗುರು ಕಡಿಮೆಯಾಗಿದ್ದರೆ, ಮೊದಲು ಒಂದೆರಡು ಗೆಲ್ಲುಗಳನ್ನು ಸವರಿ ಚಿಗುರಲು ಬಿಟ್ಟು, ಆ ಚಿಗುರು ಬಲಿತ ಮೇಲೆ ಕಸಿ ಕಟ್ಟುವವರನ್ನು ಕರೆಸುವುದು ಒಳ್ಳೆಯದು.